ಚೀಟಿಯಲ್ಲಿ ನಿನ್ನ ಹೆಸರು ಐತೇನಪ್ಪಾ?



ಇವತ್ತು ರಾಜಕೀಯ ಬೇಡ. ಇವತ್ತು ಒಂದು ಬಾಡಿಗೆ ಮನೆಯ ಕಥೆ ಹೇಳ್ತೀನಿ. ಮನೆ ಅಂದೆ, ನಿಜ ಹೇಳಬೇಕು ಅಂದ್ರೆ ಅದು ಮನೆಯೂ ಅಲ್ಲ. ಒಂದು ಮಂಚ.

ಈಚೆಗೆ ಶಿಕಾರಿಪುರ ತಾಲ್ಲೂಕಿನ ಉಡುತಡಿಗೆ ಹೋಗಿದ್ದೆ. ಅಕ್ಕಮಹಾದೇವಿ ಹುಟ್ಟಿದ ಊರು. ಅಲ್ಲಿರುವ ಅಕ್ಕನ ದೊಡ್ಡ ಪ್ರತಿಮೆಯ ಚಿತ್ರೀಕರಣ ಮುಗಿಸಿ ಹೊರಟಿದ್ದೆವು. ರಸ್ತೆ ಬದಿಯ ಮನೆಯೊಂದರ ಅಂಗಳದಲ್ಲಿ ಮೆಕ್ಕೆಜೋಳ ಒಣಗಿಸುತ್ತಿದ್ದ ತಾಯಿಯೊಬ್ಬರು ಗುರುತು ಹಿಡಿದು ಕರೆದರು. ಟೀ ಕೊಟ್ಟರು. ಆಮೇಲೆ ಮೊಬೈಲ್ ತಂದು ಒಂದು ವಿಡಿಯೋ ತೋರಿಸಿದರು. ನೀಲಿ ಸಮುದ್ರ, ಬಿಳಿ ಮರಳು, ಝಳಝಳ ಬಿಸಿಲು, ಹಿಂದೆ ಗಗನಚುಂಬಿ ಕಟ್ಟಡಗಳು.

"ನನ್ನ ಮಗ ದುಬೈಯಾಗ ಅದಾನ್ರಿ. ಮನೆ ಚಲೋ ಐತಂತೆ. ಕಿಟಕಿ ತೆಗೆದ್ರೆ ಇಷ್ಟೆಲ್ಲ ಕಾಣ್ತತಂತೆ. ನೀವು ಒಂದ್ಸಲ ಅವನ ಹತ್ರ ಮಾತಾಡ್ರಿ ಸರ್" ಅಂದರು.

ರಾತ್ರಿ ಶಿಕಾರಿಪುರದ ಲಾಡ್ಜ್‌ನಿಂದ ಫೋನ್ ಮಾಡಿದೆ. ಹುಡುಗನ ಮೊದಲ ಮಾತೇ, "ಸರ್, ಅಮ್ಮನಿಗೆ ಮಾತ್ರ ಹೇಳ್ಬೇಡಿ."

ಆಮೇಲೆ ಅವನೇ ತಾಯಿಗೆ ಎಲ್ಲ ಹೇಳಿದ. "ಹೆಸರು ಬಿಟ್ಟು ಹೇಳಿ ಸರ್, ಇನ್ನೊಬ್ಬನಿಗಾದ್ರೂ ಉಪಯೋಗ ಆಗ್ಲಿ" ಅಂತ ನನಗೂ ಒಪ್ಪಿಗೆ ಕೊಟ್ಟ. ಅದಕ್ಕೇ ಇವತ್ತು ಈ ಮಾತು.

ಹುಡುಗ ಅಲ್ಲಿನ ರೆಸಾರ್ಟ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸಗಾರ. ಯುರೋಪಿನ ಚಳಿಯಿಂದ ಬಿಸಿಲು ಹುಡುಕಿಕೊಂಡು ಬರುವ ಪ್ರವಾಸಿಗರ ಹಾಸಿಗೆ ಮಡಿಸುತ್ತಾನೆ. ಕೆಲಸ ಕೊಟ್ಟಿದ್ದು ಗುತ್ತಿಗೆ ಕಂಪನಿ. ತಿಂಗಳಿಗೆ 2,500 ದಿರ್ಹಂ. ವಸತಿ ಭತ್ಯೆಯೂ ಅದರಲ್ಲೇ ಸೇರಿದೆ. ಅಂದ್ರೆ ಮನೆ ನೀನೇ ಹುಡುಕಿಕೋ.

ಈಗ ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 60 ಸಾವಿರ ದಿರ್ಹಂ ಬಾಡಿಗೆಯ ಒಂದು ಸಣ್ಣ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ದುಬೈಯಲ್ಲಿ ಬಾಡಿಗೆ ಹೇಳುವುದೇ ವರ್ಷದ ಲೆಕ್ಕದಲ್ಲಿ. ಕೊಡುವುದು ಮುಂದಿನ ತಾರೀಖು ಹಾಕಿದ ಚೆಕ್‌ಗಳಲ್ಲಿ. ನಾಲ್ಕು ಚೆಕ್‌ಗೆ ಮಾಲೀಕ ಒಪ್ಪಿದ ಅಂದ್ರೆ ಮೊದಲನೆಯದೇ 15 ಸಾವಿರ. ರೂಢಿಯ ಪ್ರಕಾರ ಠೇವಣಿ ಶೇ. 5, ಅಂದ್ರೆ 3 ಸಾವಿರ. ಏಜೆಂಟ್ ಕಮಿಷನ್ ಇನ್ನೊಂದು 3 ಸಾವಿರ. ನೀರು, ಕರೆಂಟಿನ ಠೇವಣಿ 2 ಸಾವಿರ. ಕೀ ಕೈಗೆ ಬರುವ ಹೊತ್ತಿಗೆ 23 ಸಾವಿರ ದಿರ್ಹಂ. ದಿರ್ಹಂಗೆ 22 ರೂಪಾಯಿ ಅಂತ ಹಿಡಿದರೂ ಐದು ಲಕ್ಷ ದಾಟಿತು! ಮುಂದೆ ತಿಂಗಳ ಬಿಲ್ಲಿನ ಜೊತೆ, ವರ್ಷದ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕವೂ ಕಂತಿನಲ್ಲಿ ಬರುತ್ತದೆ.

2,500 ಸಂಬಳದ ಹುಡುಗ ಎಲ್ಲಿಂದ ತರ್ತಾನೆ ಹೇಳಿ?

ಅದಕ್ಕೇ ಅಲ್ಲಿ 'ಬೆಡ್ ಸ್ಪೇಸ್' ಅನ್ನುವ ವ್ಯವಹಾರ ಇದೆ. ಒಬ್ಬ ಫ್ಲ್ಯಾಟ್ ಹಿಡಿಯುತ್ತಾನೆ. ಹಾಲ್‌ಗೆ ಪ್ಲೈವುಡ್ ಅಡ್ಡ ಹಾಕಿ ಮೂರು ಭಾಗ ಮಾಡುತ್ತಾನೆ. ಒಂದರ ಮೇಲೊಂದು ಮಂಚ. ನಮ್ಮ ಹುಡುಗನದು ಮೇಲಿನ ಮಂಚ, ತಿಂಗಳಿಗೆ 700 ದಿರ್ಹಂ. ಒಂದು ತಿಂಗಳದ್ದು ಅಡ್ವಾನ್ಸ್. ಎಲ್ಲವೂ ನಗದು. ರಸೀದಿ ಇಲ್ಲ. ಕಿಟಕಿಯೂ ಇಲ್ಲ. ತಾಯಿ ನೋಡಿದ ವಿಡಿಯೋ ರಜೆಯ ದಿನ ಕಡಲತೀರದಲ್ಲಿ ತೆಗೆದದ್ದು.

2025ರ ಜೂನ್‌ನಲ್ಲಿ ದುಬೈ ಪಾಲಿಕೆ ಅಲ್ ರಿಗ್ಗಾ, ಸತ್ವಾದಂಥ ಕಡೆಗಳಲ್ಲಿ ಈ ಅಕ್ರಮ ಅಡ್ಡಗೋಡೆಗಳ ವಿರುದ್ಧ ಕಾರ್ಯಾಚರಣೆ ಶುರು ಮಾಡಿತು. ತಪ್ಪು ಅಂತ ಹೇಳೋಕಾಗಲ್ಲ. ಪ್ಲೈವುಡ್ ಗೂಡಿನಲ್ಲಿ ಬೆಂಕಿ ಬಿದ್ದರೆ ಓಡಲು ದಾರಿ ಇರಲ್ಲ. ಆದರೆ ಇವನಿದ್ದ ಫ್ಲ್ಯಾಟಿನ ಅಡ್ಡಗೋಡೆ ಬಿದ್ದ ದಿನ, ಡ್ಯೂಟಿ ಮುಗಿಸಿ ಬಂದವನಿಗೆ ಕಂಡದ್ದು ವರಾಂಡದಲ್ಲಿ ತನ್ನ ಸೂಟ್‌ಕೇಸ್. ಫ್ಲ್ಯಾಟ್ ಹಿಡಿದವನ ಫೋನ್ ಸ್ವಿಚ್ ಆಫ್. ಅಡ್ವಾನ್ಸ್ ಹೋಯ್ತು. ರಾತ್ರಿಯೂ ಬೆವರು ಇಳಿಸುವ ಸೆಖೆಯಲ್ಲಿ ಗೆಳೆಯನ ರೂಮಿನ ನೆಲದ ಮೇಲೆ ನಾಲ್ಕು ದಿನ ಮಲಗಿದ.

ಹಾಗಾದರೆ ಅಲ್ಲಿ ಕಾನೂನೇ ಇಲ್ವಾ? ಇದೆ ಸ್ವಾಮಿ, ಗಟ್ಟಿಯಾಗೇ ಇದೆ. ದುಬೈಯ 2007ರ 26ನೇ ಕಾನೂನು, ಅದಕ್ಕೆ 2008ರಲ್ಲಿ ಆದ ತಿದ್ದುಪಡಿ ಓದಿ ನೋಡಿ. ಮಾಲೀಕನಿಗೆ ಸ್ವಂತ ವಾಸಕ್ಕೆ ಮನೆ ಬೇಕೆಂದರೂ, ಮಾರಬೇಕೆಂದರೂ, ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಮನಸ್ಸಿಗೆ ಬಂದಷ್ಟು ಬಾಡಿಗೆ ಏರಿಸುವಂತಿಲ್ಲ. ಮಾರುಕಟ್ಟೆ ದರಕ್ಕಿಂತ ಎಷ್ಟು ಕಡಿಮೆ ಇದೆ ಅನ್ನುವುದರ ಮೇಲೆ, ಹೆಚ್ಚೆಂದರೆ ಶೇ. 20. ಪ್ರತಿ ಕರಾರೂ 'ಇಜಾರಿ' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಜಗಳ ಬಂದರೆ ಬಾಡಿಗೆ ವ್ಯಾಜ್ಯಕ್ಕೇ ಬೇರೆ ಕೇಂದ್ರ ಇದೆ.

ಈಗ ನಮ್ಮ ಬೆಂಗಳೂರನ್ನು ನೋಡಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರು ನಮ್ಮದು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದು ಇಲ್ಲಿ ಸಂಪ್ರದಾಯ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂದಿತು. ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ತಮ್ಮ ಕಾಯ್ದೆ ಮಾಡಿಕೊಂಡರೆ ಮಾತ್ರ ಜಾರಿ. ಹಾಗಾಗಿ ದುಬೈಯನ್ನು ಬೈಯುವ ಮುಂಚೆ ನಾವು ಕನ್ನಡಿ ನೋಡಿಕೊಳ್ಳಬೇಕು.

ಆದರೆ ಅಲ್ಲಿನ ಆ ಗಟ್ಟಿ ಕಾನೂನು ನಿಲ್ಲುವುದು ಯಾರ ಬೆನ್ನಿಗೆ? ಕರಾರಿನಲ್ಲಿ ಹೆಸರಿದ್ದವನ ಬೆನ್ನಿಗೆ. ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆ ಕೊಟ್ಟರೆ ಇಬ್ಬರನ್ನೂ ಹೊರಹಾಕಬಹುದು. ಒಳಬಾಡಿಗೆಯವನು ತನಗೆ ಕೊಟ್ಟವನಿಂದ ಪರಿಹಾರ ಕೇಳಬಹುದು ಅಂತಲೂ ಅದೇ ಕಾನೂನು ಹೇಳುತ್ತದೆ. ಕೇಳೋದು ಹೇಗೆ? ಕೈಯಲ್ಲಿ ಒಂದು ಚೀಟಿ ಇಲ್ಲ.

ಇದು ಉಡುತಡಿಗೆ ಹೊಸ ಕಥೆಯೇ? ಅಲ್ಲ. ಸೊರಬ ದಾಟಿದರೆ ಸಾಗರ ತಾಲ್ಲೂಕು, ಅಲ್ಲಿ ಕಾಗೋಡು. 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಊರು. ಉಳುವವನಿಗೇ ಭೂಮಿ ಅನ್ನುವ ಕಾನೂನು ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಬಿಗಿಯಾಯಿತು. ಲಕ್ಷಾಂತರ ಜನ ಬದುಕಿಕೊಂಡರು. ಆದರೆ ಗೇಣಿ ಚೀಟಿ ಇಲ್ಲದವರು, ಪಹಣಿಯಲ್ಲಿ ಹೆಸರು ಬರೆಸದವರು ಎಷ್ಟೋ ಕಡೆ ಕೈ ಚೆಲ್ಲಿ ಕೂತರು. ಬೆವರು ಸುರಿಸಿದವನು ಒಬ್ಬ, ಕಾಗದದಲ್ಲಿರುವ ಹೆಸರು ಇನ್ನೊಬ್ಬನದು. ಊರು ಬದಲಾಯಿತು, ದೇಶ ಬದಲಾಯಿತು. ಕಾಗದದ ಸಂಕಟ ಬದಲಾಗಲಿಲ್ಲ.

ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗಿ, ದುಡಿಯಿರಿ. ಆದರೆ ವಿಮಾನ ಹತ್ತುವ ಮುಂಚೆ ಕೇಳಿ: ಕಂಪನಿ ಮನೆ ಕೊಡುತ್ತಾ, ಭತ್ಯೆ ಕೊಡುತ್ತಾ? ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಎರಡರಲ್ಲಿ ಒಂದು ಇರಬೇಕು. ಸಂಬಳದಲ್ಲೇ ಸೇರಿದೆ ಅಂದರೆ ಮೊತ್ತ ಎಷ್ಟು ಅಂತ ಬರೆಸಿಕೊಳ್ಳಿ. ಮಂಚವೇ ಆಗಲಿ, ಬಾಡಿಗೆಗೆ ಹಿಡಿಯುವಾಗ ಕರಾರು ಯಾರ ಹೆಸರಿನಲ್ಲಿದೆ ನೋಡಿ. ಜೊತೆಗೆ ಇರುವವರ ಹೆಸರನ್ನೂ ಸೇರಿಸುವ ವ್ಯವಸ್ಥೆ ಅಲ್ಲಿದೆ, ಸೇರಿಸಲು ಹೇಳಿ. ಸೇರಿಸಲ್ಲ ಅಂದರೆ ಆ ಮಂಚ ಬೇಡ. ನಗದು ಕೊಟ್ಟು ಬರಿಗೈಲಿ ಬರಬೇಡಿ. ತೊಂದರೆಯಾದರೆ ದುಬೈಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ನಾಚಿಕೆ ಬಿಟ್ಟು ಫೋನ್ ಮಾಡಿ.

ಇನ್ನೊಂದು ಮಾತು, ಊರಲ್ಲಿರುವ ಅಪ್ಪ ಅಮ್ಮಂದಿರಿಗೆ. ಮಗ ಕಳಿಸಿದ ಬಿಸಿಲಿನ ವಿಡಿಯೋ ನೋಡಿ ಖುಷಿಪಡಿ. ಆದರೆ ಒಂದು ದಿನ, ಎಲ್ಲಿ ಮಲಗ್ತೀಯಪ್ಪಾ, ಆ ಜಾಗ ತೋರಿಸು ಅಂತಲೂ ಕೇಳಿ.

ಮಗ ನಿಜ ಹೇಳಿದ ದಿನ ಉಡುತಡಿಯ ಆ ತಾಯಿ ಅಳಲಿಲ್ಲವಂತೆ. ಅವರ ಮಾವ ಗೇಣಿ ಹೊಲ ಕಳೆದುಕೊಂಡವರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರಂತೆ: "ಈಗ ಹಿಡಿದಿರೋ ರೂಮಿನ ಚೀಟಿಯಾಗ ನಿನ್ನ ಹೆಸರು ಐತೇನಪ್ಪಾ?"

ಈ ಸಲ ಇದೆ.