ಬ್ರೇಕಿನ ದೂರು ನಮಗೂ ಪಾಠ



ಸಿರಿವಂತರ ಮೋಟಾರಿನ ಮಾತು ನಮಗೇಕೆ ಎನ್ನಬೇಡಿ.

2022ರ ಜೂನಿನಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿಯು 2004ರಿಂದ 2015ರವರೆಗೆ ತಯಾರಿಸಿದ್ದ ಎಂಎಲ್, ಜಿಎಲ್, ಆರ್ ಮಾದರಿಗಳ ಸುಮಾರು 10 ಲಕ್ಷ ಕಾರುಗಳನ್ನು ತಪಾಸಣೆಗೆ ಕರೆಯಿತು. ಕಾಲಿನ ಒತ್ತಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿಗೆ ತೇವದಿಂದ ತುಕ್ಕು ಹಿಡಿಯುತ್ತಿತ್ತು. ತುಕ್ಕು ವಿಪರೀತವಾದರೆ, ಜೋರಾಗಿ ತುಳಿದಾಗ ಪೆಡಲಿಗೂ ಬ್ರೇಕಿಗೂ ಸಂಬಂಧವೇ ಕಡಿಯುವ ಭಯ. ತಪಾಸಣೆಯಾಗುವ ತನಕ ಓಡಿಸಬೇಡಿ, ಬೇಕಾದರೆ ನಾವೇ ಎಳೆಸಿಕೊಂಡು ಹೋಗುತ್ತೇವೆ ಎಂದಿತು ಕಂಪನಿ.

ಈ ದೋಷ ಬಯಲಾದದ್ದು ಅಲ್ಲೊಂದು ಇಲ್ಲೊಂದು ಬಂದ ದೂರುಗಳ ತನಿಖೆಯಿಂದ.

ನಮ್ಮ ಪಾಡು ನೋಡಿ. ನಾವು ದುಡಿಯುತ್ತಿದ್ದ ಹೋಟೆಲಿನ ಗ್ರೈಂಡರ್ ಮುಟ್ಟಿದರೆ ಕರೆಂಟು ಹೊಡೆಯುತ್ತಿತ್ತು. ಹೇಳಿದರೆ, "ಒಣಗೈಯಲ್ಲಿ ಮುಟ್ಟು" ಎಂದರು ಧಣಿಗಳು. ಹಿಟ್ಟು ರುಬ್ಬುವವನಿಗೆ ಒಣಗೈ ಎಲ್ಲಿಯದು? ಹುಡುಗನೊಬ್ಬನ ಕೈ ಸುಟ್ಟ ಮೇಲೆಯೇ ವೈರು ಬದಲಾಯಿತು. ನಾವೂ ಬಾಯಲ್ಲಿ ಗೊಣಗಿದೆವೇ ಹೊರತು ಬರೆದು ಕೊಡಲಿಲ್ಲ. ಆ ತಪ್ಪು ನಮ್ಮದು.

ಇನ್ನು ಮೇಲೆ ಕೆಟ್ಟ ಯಂತ್ರವನ್ನು ಮುಟ್ಟುವುದು ಬೇಡ. ಎಲ್ಲರೂ ಸಹಿ ಹಾಕಿ ದೂರು ಕೊಡೋಣ. ಒಂದು ಪ್ರತಿ ಸಂಘಕ್ಕೆ ತನ್ನಿ. ಬರೆಯಲು ಬಾರದವರಿಗೆ ನಾವು ಬರೆದು ಕೊಡುತ್ತೇವೆ.

ಕಾರಿನಲ್ಲಿ ಕೂತವನ ಜೀವದಷ್ಟೇ ರುಬ್ಬುವವನ ಜೀವವೂ ದೊಡ್ಡದು.