ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು?



ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಉದ್ಯಮದ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಒಂದೇ. ನಮ್ಮ ಅತ್ತೆ ಧಾರವಾಡದವರು, ಕಸೂತಿಯಲ್ಲಿ ಪಳಗಿದ ಕೈ. ನಾಲ್ಕು ವರ್ಷಗಳಿಂದ ಪುಣೆಯ ನಮ್ಮ ಮನೆಯಲ್ಲಿ ಅವರು ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ಕಸೂತಿ ಹಾಕುತ್ತಾರೆ. ಆರ್ಡರ್, ಲೆಕ್ಕ, ಕೊರಿಯರ್ ನನ್ನ ಪಾಲು. ಈ ಅನುಭವದಿಂದ ತಿಳಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಈ ಸಭೆಯಲ್ಲಿ ಕಲೆಗೆ ಬರವಿಲ್ಲ. ಟೆರಾಕೋಟಾ ಆಭರಣ ಮಾಡುವವರಿದ್ದೀರಿ, ಕುಚ್ಚು ಕಟ್ಟುವವರಿದ್ದೀರಿ, ಚಿತ್ರ ಬರೆಯುವವರಿದ್ದೀರಿ. ಆದರೆ "ಇದಕ್ಕೆ ಎಷ್ಟು?" ಎಂದು ಯಾರಾದರೂ ಕೇಳಿದ ಕೂಡಲೇ ನಮ್ಮ ದನಿ ಇಳಿಯುತ್ತದೆ. "ನಮ್ಮವರೇ ಅಲ್ವಾ, ನಿಮಗೆ ತಿಳಿದಷ್ಟು ಕೊಡಿ" ಅನ್ನುತ್ತೇವೆ. ವ್ಯಾಪಾರದ ಕೌಶಲ ಶುರುವಾಗಬೇಕಾದದ್ದು ಇಲ್ಲಿಂದಲೇ.

ಕಸೂತಿ ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಕೊಂಡೇ ಗೋಪುರ, ತೇರು, ನವಿಲು ಮೂಡಬೇಕು. ಒಂದು ಎಳೆ ತಪ್ಪಿದರೂ ಮುಂದಿನದೆಲ್ಲ ವಾರೆ. ಎಳೆಗಳನ್ನು ಇಷ್ಟು ನಿಖರವಾಗಿ ಎಣಿಸುವ ನಾವು ಗಂಟೆಗಳನ್ನು ಮಾತ್ರ ಎಣಿಸುವುದಿಲ್ಲ.

ಒಂದು ಲೆಕ್ಕ ನೋಡೋಣ. ತುಂಬು ಕಸೂತಿಯ ಒಂದು ಬ್ಲೌಸ್ ಪೀಸ್. ಬಟ್ಟೆ 300 ರೂಪಾಯಿ, ದಾರ 70, ಇಸ್ತ್ರಿ-ಪ್ಯಾಕಿಂಗ್-ಕೊರಿಯರ್ 120, ಮೇಳದ ಮಳಿಗೆ ಬಾಡಿಗೆಯಲ್ಲಿ ಇದರ ಪಾಲು 150. ಒಟ್ಟು 640. ಇದನ್ನು 900ಕ್ಕೆ ಮಾರಿದರೆ 260 ಉಳಿಯಿತು ಎಂದು ಖುಷಿಪಡುತ್ತೇವೆ. ಆದರೆ ಅದನ್ನು ಹಾಕಲು 18 ಗಂಟೆ ಹಿಡಿದಿದೆ. 260ನ್ನು 18ರಿಂದ ಭಾಗಿಸಿ. ಗಂಟೆಗೆ 14 ರೂಪಾಯಿ ಚಿಲ್ಲರೆ!

ಈ ಲೆಕ್ಕವನ್ನು ಅತ್ತೆಯವರಿಗೆ ತೋರಿಸಿದಾಗ ಅವರು ನಕ್ಕರು. "ಕೂತು ಹಾಕೋದಕ್ಕ ಯಾಕವಾ ರೊಕ್ಕ? ಹೆಂಗೂ ಹೊತ್ತು ಹೋಗಬೇಕಲ್ಲ" ಅಂದರು. ನಮ್ಮಲ್ಲಿ ಹಲವರ ಮನಸ್ಸಿನ ಮಾತೂ ಇದೇ. ಅವರಿಗೆ ನಾನು ಹೇಳಿದ್ದು ಇಷ್ಟೇ: "ನಿಮಗೆ ಹೊತ್ತು ಹೋಗತದ ಅತ್ತಿ. ಆದರ ನಿಮ್ಮ ಜೋಡಿ ಕೂಡೋ ಇಬ್ಬರೂ ಬಸ್ಸು ಹಿಡಿದು ಬರತಾರ. ಅವರಿಗೆ ಇದರಿಂದ ಮಕ್ಕಳ ಫೀಸು ಆಗಬೇಕು. ನಿಮ್ಮ ತಾಸಿಗೆ ಬೆಲಿ ಇಲ್ಲ ಅಂದರ ಅವರ ತಾಸಿಗೂ ಇರೂದಿಲ್ಲ." ಅತ್ತೆಯವರು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನ ಒಂದು ನೋಟ್‌ಬುಕ್ ಕೇಳಿದರು.

ಇಂದು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸಂಬಳವೋ ಗಂಡನ ಆದಾಯವೋ ಇರುವ ನಾವು ಹವ್ಯಾಸವೆಂದು ಅಗ್ಗಕ್ಕೆ ಕೊಟ್ಟರೆ, ಅದೇ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುವ ಹೆಂಗಸಿನ ಬೆಲೆಯನ್ನೂ ಇಳಿಸುತ್ತೇವೆ. ಸರಿಯಾದ ಬೆಲೆ ಕೇಳುವುದು ದುರಾಸೆಯಲ್ಲ.

ಹಾಗಾದರೆ ಸರಿಯಾದ ಬೆಲೆ ಎಷ್ಟು? ನಾವು ಗಂಟೆಗೆ 80 ರೂಪಾಯಿ ಹಿಡಿದೆವು. 18 ಗಂಟೆಗೆ 1,440. ಖರ್ಚು 640 ಸೇರಿ 2,080. ಮುಂದಿನ ಸರಕಿಗೆಂದು ಶೇ. 20 ಸೇರಿಸಿದರೆ ಸುಮಾರು 2,500. "ಮಶಿನ್ ಎಂಬ್ರಾಯ್ಡರಿ ಇದಕ್ಕಿಂತ ಎಷ್ಟೋ ಅಗ್ಗ, ಇದನ್ನು ಯಾರು ಕೊಳ್ಳುತ್ತಾರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ: ಗಂಟೆಯ ದರ ಇಳಿಸಬೇಡಿ, ಗಂಟೆಗಳನ್ನು ಇಳಿಸಿ. ತೋಳಿನ ಅಂಚಿಗೆ ಮಾತ್ರ ಕಸೂತಿ ಇರುವ ಬ್ಲೌಸ್ ಪೀಸ್‌ಗೆ 6 ಗಂಟೆ ಸಾಕು. ದಾರವೂ 40 ರೂಪಾಯಿಯಲ್ಲಿ ಮುಗಿಯುತ್ತದೆ. ಅದೇ ಸೂತ್ರ ಹಾಕಿದರೆ ಬೆಲೆ 1,300ರ ಆಸುಪಾಸು. ನಮ್ಮಲ್ಲಿ ಹೆಚ್ಚು ಹೋಗುವುದು ಅದೇ. ಜೊತೆಗೆ ಗಿರಾಕಿಗೆ ಬಟ್ಟೆಯ ಹಿಂಬದಿ ತಿರುಗಿಸಿ ತೋರಿಸುತ್ತೇವೆ. ಗಾವಂತಿ ಎರಡೂ ಕಡೆ ಒಂದೇ ತರಹ ಕಾಣುತ್ತದೆ, ಗಂಟು ಕಾಣುವುದಿಲ್ಲ. ಇದನ್ನು ಕಣ್ಣಾರೆ ಕಂಡವರು ಚೌಕಾಸಿ ಕಡಿಮೆ ಮಾಡುತ್ತಾರೆ.

ಎರಡನೆಯ ಮಾತು, ಬರವಣಿಗೆ. ಫೋನಿನಲ್ಲಿ ಆರ್ಡರ್ ಬಂದರೂ ಬಣ್ಣ, ಅಳತೆ, ಕೊಡುವ ದಿನಾಂಕ, ಬೆಲೆ ಇಷ್ಟನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು "ಸರಿ" ಎನ್ನಿಸಿಕೊಳ್ಳಿ. ಅರ್ಧ ಹಣ ಮುಂಗಡ ಬಂದ ಮೇಲೆಯೇ ಸೂಜಿ ಕೈಗೆತ್ತಿಕೊಳ್ಳಿ. ನೆಂಟರಿಗೆ ರಿಯಾಯಿತಿ ಕೊಡಬಾರದೆಂದು ನಾನು ಹೇಳುವುದಿಲ್ಲ. ಬಿಲ್ಲಿನಲ್ಲಿ ಪೂರ್ತಿ ಬೆಲೆ ಬರೆದು, ಕೆಳಗೆ ರಿಯಾಯಿತಿ ಕಳೆಯಿರಿ. ಕೊಟ್ಟದ್ದು ಎಷ್ಟೆಂದು ಇಬ್ಬರಿಗೂ ತಿಳಿದಿರಲಿ.

ಮೂರನೆಯದು, ಬೇರೆ ಬ್ಯಾಂಕ್ ಖಾತೆ. ತರಕಾರಿ ದುಡ್ಡು, ಕಸೂತಿ ದುಡ್ಡು ಒಂದೇ ಖಾತೆಯಲ್ಲಿದ್ದರೆ ವರ್ಷದ ಕೊನೆಗೆ ಲಾಭವೋ ನಷ್ಟವೋ ಯಾರಿಗೂ ತಿಳಿಯದು. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ನಾಲ್ಕನೆಯದು, ಸರ್ಕಾರಿ ಕಾಗದ. ಇದಕ್ಕೆ ಹೆದರಬೇಡಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿಯನ್ನು ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಸರ್ಕಾರಿ ತಾಣದಲ್ಲಿ ಇದು ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಜಾಹೀರಾತು ಬಂದರೆ ಮುಂದೆ ಹೋಗಿ. ಇದರ ಪ್ರಯೋಜನ ನಮಗೆ ತಿಳಿದದ್ದು ಒಂದು ಬುಟಿಕ್ ನಮ್ಮ ಹಣವನ್ನು "ಮುಂದಿನ ವಾರ, ಮುಂದಿನ ವಾರ" ಎಂದು ತಳ್ಳುತ್ತಿದ್ದಾಗ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ತಯಾರಕರಿಂದ ಮಾಲು ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ಬಡ್ಡಿ ಕೊಡಬೇಕು. ಜಗಳವಾಡದೆ, ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಮತ್ತು ಈ ನಿಯಮವನ್ನು ಬರೆದು ಕಳಿಸಿದೆ. ಆ ವಾರದಲ್ಲೇ ಹಣ ಬಂತು.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ಮಹಾರಾಷ್ಟ್ರದೊಳಗೆ ವಸ್ತು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ನಮ್ಮ ಗಿರಾಕಿಗಳು ಬೆಂಗಳೂರು, ಹುಬ್ಬಳ್ಳಿಯಲ್ಲೂ ಇರುತ್ತಾರಲ್ಲ! ರಾಜ್ಯದ ಗಡಿ ದಾಟಿಸಿ ಮಾರುವಾಗ ನಿಯಮ ಬೇರೆ. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ಪಾರ್ಸೆಲ್ ಕಳಿಸುವ ಮೊದಲು ಒಬ್ಬ ಸಿಎಯನ್ನು ಒಮ್ಮೆ ಕೇಳಿ. ನಮ್ಮ ಸಂಘದಲ್ಲೇ ಸಿಎ ಓದಿದ ಹೆಣ್ಣುಮಕ್ಕಳಿದ್ದಾರೆ. ಅವರಿಗೂ ಶುಲ್ಕ ಕೊಡಿ. ಅವರ ಗಂಟೆಗೂ ಬೆಲೆಯಿದೆ.

ಕೊನೆಯದಾಗಿ ಒಂದು ಕೋರಿಕೆ. ಈ ವಾರ ನೀವು ಏನು ಮಾಡಿದರೂ ಸರಿ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆದಿಡಿ. ನಡುವೆ ಕುಕ್ಕರ್ ಕೂಗಿ ಎದ್ದುಹೋದರೆ ಅದನ್ನು ಕಳೆಯಿರಿ. ಮುಂದಿನ ಸಭೆಗೆ ವಸ್ತುವಿನ ಜೊತೆ ಆ ಚೀಟಿಯನ್ನೂ ತನ್ನಿ. ಎಲ್ಲರೂ ಒಟ್ಟಿಗೆ ಕೂತು ಬೆಲೆ ಕಟ್ಟೋಣ. ಯಾರಾದರೂ "ಇಷ್ಟೊಂದಾ?" ಎಂದರೆ ಚೀಟಿ ತೋರಿಸೋಣ.