ವಿದ್ಯಾದಾಸೋಹ
(ಶ್ರೀಮಠದ ಮಹೋತ್ಸವಸಭೆಯಲ್ಲಿ ಮಾಡಿದ ಉಪನ್ಯಾಸ)



ಹಸಿದು ಬಂದವನಿಗೆ ಅನ್ನವನ್ನಿಕ್ಕುವುದಕ್ಕೆ ಈ ನಾಡಿನಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ವಿದ್ಯೆಯನ್ನರಸಿ ಬಂದವನ ಸ್ಥಿತಿಯಾದರೋ ಬೇರೆ. ಅವನಿಗೆ ಬೇಕಾದುದು ಹಣ. ಹಣವನ್ನು ಬಾಯಿಬಿಟ್ಟು ಕೇಳುವುದು ಮಾನವಂತರ ಮನೆಯ ಮಕ್ಕಳಿಗೆ ಉಪವಾಸಕ್ಕಿಂತಲೂ ಕಷ್ಟವಾದುದು.

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗೆ ವಾರಾನ್ನವೇ ಗತಿಯಾಗಿದ್ದಿತು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಒಂದು ಮನೆಯವರು ಊರಿಗೆ ಹೋದರೆ ಆ ದಿನ ತಣ್ಣೀರೇ ಊಟ. ವಾರಾನ್ನವು ದೊರೆಯದವರು ಪಾಠ ಹೇಳಿ ಹೊಟ್ಟೆಹೊರೆದರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠವನ್ನು ಹೇಳಿ ತಮ್ಮ ವೆಚ್ಚವನ್ನು ಸಾಗಿಸಿದವರು. 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ಮೇಲೆ ಮೈಸೂರು ಸರ್ಕಾರದ ನೆರವು ದೊರೆಯದೆ ಇದ್ದಿದ್ದರೆ ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದುವುದು ಸುಲಭವಾಗುತ್ತಿರಲಿಲ್ಲ. ಬುದ್ಧಿಯು ಅವರದು, ಆದರೆ ಬುದ್ಧಿಯು ರೈಲಿನ ಚೀಟಿಯನ್ನು ಕೊಳ್ಳಲಾರದಷ್ಟೆ!

ಈ ಮರ್ಮವನ್ನು ಸಮಾಜದ ಹಿರಿಯರು ಬಹು ಚೆನ್ನಾಗಿ ಅರಿತಿದ್ದರು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಗುಬ್ಬಿ ತೋಟದಪ್ಪನವರು ವ್ಯಾಪಾರದಿಂದ ಗಳಿಸಿದ ದ್ರವ್ಯದಿಂದ ಬೆಂಗಳೂರಿನ ರೈಲುನಿಲ್ದಾಣದ ಬಳಿಯಲ್ಲಿ 1903ರಲ್ಲಿ ಛತ್ರವನ್ನು ಕಟ್ಟಿಸಿದರು. ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಯ ಹುಡುಗರಿಗೆ ಆಶ್ರಯವು ದೊರೆಯಿತು. ಆ ಆಶ್ರಯದಲ್ಲಿದ್ದು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಒಂದು ಕೋಣೆಯ ಆಶ್ರಯವು ಎಷ್ಟು ಮನೆಗಳ ದೀಪವಾಯಿತೆಂಬುದನ್ನು ಲೆಕ್ಕವಿಡುವವರು ಯಾರು?

ಈ ದಾನಿಗಳು ಶುಲ್ಕಕ್ಕಿಂತ ಮೊದಲು ಊಟವಸತಿಗಳನ್ನು ಚಿಂತಿಸಿದುದು ಆಕಸ್ಮಿಕವಲ್ಲ. ಪಟ್ಟಣದಲ್ಲಿ ಇದ್ದು ಉಣ್ಣುವ ವೆಚ್ಚವು ಅನೇಕ ವೇಳೆ ಸರ್ಕಾರಿ ಕಾಲೇಜಿನ ಶುಲ್ಕವನ್ನು ಮೀರಿಹೋಗುತ್ತದೆ. ಇಂದಿಗೂ ಹಾಗೆಯೇ.

ಆದರೆ ಇಂದು ಹೊಸದೊಂದು ಸಂಕಟವು ಸೇರಿಕೊಂಡಿದೆ. ಅದು ಹಣದ ಮೊತ್ತದ್ದಲ್ಲ, ಕಾಲದ್ದು. ಒಬ್ಬ ಒಕ್ಕಲಿಗನ ಮಗಳು ಸಿಇಟಿ ಪರೀಕ್ಷೆಯಲ್ಲಿ ಒಳ್ಳೆಯ ಶ್ರೇಣಿಯನ್ನು ಪಡೆದಳೆಂದು ಭಾವಿಸಿರಿ. ಸೀಟು ಹಂಚಿಕೆಯಾದ ಕೆಲವೇ ದಿನಗಳೊಳಗೆ ಶುಲ್ಕವನ್ನು ಕಟ್ಟಬೇಕು. ತಪ್ಪಿದರೆ ಸೀಟು ಕೈತಪ್ಪಿಹೋಗುವುದು. ಅದೇ ದಿನಗಳಲ್ಲಿ ಮುಂಗಾರಿನ ಬಿತ್ತನೆ. ಮನೆಯಲ್ಲಿದ್ದ ಕಾಸು ಬೀಜಗೊಬ್ಬರಕ್ಕೆ ಹೋಗಿರುತ್ತದೆ. ಸರ್ಕಾರದ ವಿದ್ಯಾರ್ಥಿವೇತನವು ಉಂಟು, ನಿಜ. ಅದಕ್ಕೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಬೇಕು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಅರ್ಜಿಯು ಪರಿಶೀಲನೆಯಾಗಬೇಕು. ಆ ಹಣವು ಕೈಸೇರುವ ವೇಳೆಗೆ ತಾಯಿಯ ಬೆಂಡೋಲೆಗಳು ಅಡವಿಗೆ ಹೋಗಿ ತಿಂಗಳುಗಳಾಗಿರುತ್ತವೆ. ಬೆಂಡೋಲೆಯೂ ಇಲ್ಲದ ಮನೆಯಲ್ಲಿ ಆ ಹುಡುಗಿಯು ಸುಮ್ಮನೆ ಕಳೆಕೀಳಲು ಹೋಗುತ್ತಾಳೆ. ಅವಳ ಹೆಸರು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ.

ಸಾಲವೆಂದರೆ ಬೆದರುವವರು ಭಕ್ತರಲ್ಲಿ ಬಹುಮಂದಿ. ಕೈಸಾಲದ ಬಡ್ಡಿಯನ್ನು ಕಂಡವರಿಗೆ ಆ ಭಯವು ಸಹಜವೇ. ಬ್ಯಾಂಕಿನ ವಿದ್ಯಾಸಾಲವಾದರೋ ಬೇರೆ ಬಗೆಯದು. 4 ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಹೊಲಮನೆಗಳನ್ನು ಒತ್ತೆಯಿಡಬೇಕಾಗಿಲ್ಲ. ತಂದೆಯೋ ತಾಯಿಯೋ ಜೊತೆಗೆ ರುಜುಹಾಕಿದರೆ ಸಾಕು. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷವಾದ ಬಳಿಕ ಕಂತು ಆರಂಭವಾಗುತ್ತದೆ. ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗೊತ್ತುಪಡಿಸಿದ ಉತ್ತಮ ವಿದ್ಯಾಲಯಗಳನ್ನು ಸೇರಿದವರಿಗೆ ಒತ್ತೆಯೂ ಜಾಮೀನೂ ಇಲ್ಲದ ಸಾಲದ ಏರ್ಪಾಡಿದೆ. ವರ್ಷಕ್ಕೆ 8 ಲಕ್ಷದವರೆಗಿನ ಆದಾಯದ ಮನೆಗಳಿಂದ ಆಯ್ಕೆಯಾದವರಿಗೆ ಓದುವ ಕಾಲದ ಬಡ್ಡಿಯಲ್ಲಿ ನೂರಕ್ಕೆ 3ರಂತೆ ರಿಯಾಯಿತಿಯೂ ಉಂಟು. ಆದರೂ ಒಂದು ಎಚ್ಚರಿಕೆಯು ಅವಶ್ಯ: ಕಂತು ಇಲ್ಲದ ಕಾಲದಲ್ಲಿಯೂ ಬಡ್ಡಿಯು ಬೆಳೆಯುತ್ತಲೇ ಇರುತ್ತದೆ. ಓದುವಾಗಲೇ ಆ ಬಡ್ಡಿಯನ್ನು ಕೈಲಾದಷ್ಟು ಕಟ್ಟುತ್ತ ಬಂದವರಿಗೆ ಮುಂದೆ ಭಾರವು ಹಗುರಾಗುವುದು.

ಸಾಲವೂ ಆ ನಾಲ್ಕು ದಿನಗಳಲ್ಲಿ ಮಂಜೂರಾಗುವುದಿಲ್ಲವೆಂಬುದೇ ಇಲ್ಲಿನ ಕಷ್ಟ. ಆದಕಾರಣ ಈ ಮಹೋತ್ಸವದ ಕಾಣಿಕೆಯಲ್ಲಿ ಒಂದು ಭಾಗವನ್ನು ಶ್ರೀಮಠದಲ್ಲಿ ಪ್ರತ್ಯೇಕವಾಗಿರಿಸಿ, ಸೀಟು ದೊರೆತ ಮಕ್ಕಳ ಮೊದಲ ಶುಲ್ಕಕ್ಕೆ ಬಡ್ಡಿಯಿಲ್ಲದ ಕೈಗಡವಾಗಿ ಕೊಡುವುದು ಯುಕ್ತ. ವಿದ್ಯಾರ್ಥಿವೇತನವೋ ಬ್ಯಾಂಕಿನ ಸಾಲವೋ ಬಂದಾಗ ಅದು ಹಿಂತಿರುಗಲಿ; ಮರುವರ್ಷ ಮತ್ತೊಂದು ಮಗುವಿಗೆ ಹೋಗಲಿ. ಹೀಗೆ ಹಣವು ಕರಗದೆ ಸುತ್ತುತ್ತಿರುವುದು. ಮಕ್ಕಳಿಗೆ ಅರ್ಜಿ ತುಂಬಿಕೊಡುವ ಕೆಲಸಕ್ಕೆ, ಕಚೇರಿಯ ಕಾಗದಪತ್ರಗಳನ್ನು ಬಲ್ಲ ನಿವೃತ್ತ ಉಪಾಧ್ಯಾಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರ ಕಾಯಕವು ಹಣದ ಕಾಣಿಕೆಗೆ ಕಡಿಮೆಯಾದುದಲ್ಲ.

ಇನ್ನೊಂದು ಮಾತು. ಚೆಕ್ಕನ್ನು ಕೊಡುವಾಗ ಹುಡುಗನನ್ನು ವೇದಿಕೆಗೆ ಕರೆದು, ಶಾಲು ಹೊದೆಸಿಕೊಂಡ ದಾನಿಗಳ ನಡುವೆ ನಿಲ್ಲಿಸಿ ಚಿತ್ರ ತೆಗೆಯಿಸುವ ಪದ್ಧತಿಯು ಈಚೆಗೆ ಬೆಳೆದಿದೆ. ದಾಸೋಹದ ಪಂಕ್ತಿಯಲ್ಲಿ ಉಂಡವರ ಹೆಸರನ್ನು ಯಾರೂ ಕೂಗಿ ಹೇಳುವುದಿಲ್ಲ. ಈ ಕೈಗಡದ ಪುಸ್ತಕವೂ ಶ್ರೀಮಠದ ಒಬ್ಬ ಕರಣಿಕರ ಪೆಟ್ಟಿಗೆಯಲ್ಲಿಯೇ ಇರಲಿ.